ಮಾಂಸ ಬಿಟ್ಟು ಮತ್ತೆ ಲಿಂಗಪ್ರಸಾದದ ಊಟಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲಿಂಗಾಯತ ಮನೆಯಲ್ಲಿ ಹುಟ್ಟಿ, ಓದಿಗೋ ನೌಕರಿಗೋ ಊರು ಬಿಟ್ಟ ಮೇಲೆ ಕೋಳಿ, ಮೀನು, ಮಟನ್ ರೂಢಿಯಾಗಿ, ಈಗ ನಲವತ್ತು ದಾಟಿದ ಮೇಲೆ ಮತ್ತೆ ಬಿಡಬೇಕು ಎನ್ನುವವರು ಬಹಳ ಮಂದಿ ಇದ್ದಾರೆ. ಕೆಲವರಿಗೆ ರಕ್ತಪರೀಕ್ಷೆಯ ವರದಿ ಕಾರಣ. ಕೆಲವರಿಗೆ ತಂದೆಯೋ ತಾಯಿಯೋ ತೀರಿಕೊಂಡ ಮೇಲೆ ದೇವರ ಜಗಲಿಯ ಮುಂದೆ ಕೂತು ಲಿಂಗಪೂಜೆ ಶುರು ಮಾಡಿದ್ದು ಕಾರಣ. ಹೆಚ್ಚಿನವರಿಗೆ ಎರಡೂ. ಊಟದ ಸಲಹೆ ಕೊಡುವುದು ನನ್ನ ಕಾಯಕ, ಕೊರಳಲ್ಲಿ ಇಷ್ಟಲಿಂಗವೂ ಇದೆ. ಹಾಗಾಗಿ ಎರಡೂ ಬಗೆಯ ಪ್ರಶ್ನೆಗಳು ನನ್ನ ಹತ್ತಿರ ಬರುತ್ತವೆ. ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಇಷ್ಟು ವರ್ಷ ಮಾಂಸ ತಿಂದಿದ್ದೇನೆ. ಮತ್ತೆ ಲಿಂಗ ಧರಿಸಬಹುದೇ?

ಧರಿಸಬಹುದು. ಹೆಚ್ಚು ಜನ ನಾಚಿಕೆಯಿಂದ, ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ನಾಚಿಕೆ ಬೇಡ. ನಿಮ್ಮ ಮನೆತನದ ಮಠಕ್ಕೋ, ನೀವು ನಂಬುವ ಗುರುವಿನ ಹತ್ತಿರವೋ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪದ್ಧತಿ ಮಠದಿಂದ ಮಠಕ್ಕೆ ಬೇರೆ ಇರುತ್ತದೆ. ಹೊಸದಾಗಿ ದೀಕ್ಷೆ ಆಗಬೇಕೋ, ಮನೆಯಲ್ಲಿರುವ ಹಳೆಯ ಲಿಂಗವನ್ನೇ ಮತ್ತೆ ಧರಿಸಬಹುದೋ ಎಂಬುದನ್ನು ಗುರುವೇ ಹೇಳಬೇಕು. ಲಿಂಗ ಇಡುವ ಕರಡಿಗೆ ಕಪಾಟಿನಲ್ಲಿ ಉಳಿದುಹೋಗಿದೆ, ಅದನ್ನು ಕೊರಳಿಗೆ ಕಟ್ಟುವ ಶಿವದಾರ ಹಳತಾಗಿದೆ ಎಂಬ ಕಾರಣಕ್ಕೆ ಯಾವ ಮಠದ ಅಜ್ಜಾರೂ ನಿಮ್ಮನ್ನು ಹಿಂದಕ್ಕೆ ಕಳಿಸುವುದಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಲಿಂಗ ಕಟ್ಟಿಕೊಂಡವರಲ್ಲಿ ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯನೂ ಇದ್ದ, ಮೆಟ್ಟು ಹೊಲಿಯುತ್ತಿದ್ದ ಹರಳಯ್ಯನೂ ಇದ್ದ. ಬಂದವರನ್ನು ಒಳಗೆ ಕರೆದುಕೊಳ್ಳುವುದರಿಂದಲೇ ಬೆಳೆದ ದಾರಿ ಇದು.

ಲಿಂಗಕ್ಕೆ ಅರ್ಪಿಸಿ ಉಣ್ಣಬೇಕು ಎನ್ನುತ್ತಾರೆ. ದಿನನಿತ್ಯ ಅದನ್ನು ಹೇಗೆ ಮಾಡುವುದು?

ಬೆಳಿಗ್ಗೆ ಸ್ನಾನವಾದ ಮೇಲೆ ವಿಭೂತಿ ಧರಿಸಿ, ಲಿಂಗವನ್ನು ಎಡಗೈಯ ಅಂಗೈ ಮೇಲೆ ಇಟ್ಟು ಪೂಜೆ ಮಾಡುತ್ತೀರಿ. ಊಟದ ಹೊತ್ತಿಗೆ ತಾಟಿಗೆ ಬಂದದ್ದನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಆಮೇಲೆ ಪ್ರಸಾದವೆಂದು ಉಣ್ಣುತ್ತೀರಿ. ಕಚೇರಿಯಲ್ಲಿ ಕೂತು ಉಣ್ಣುವವರು ಮನಸ್ಸಿನಲ್ಲೇ ಅರ್ಪಿಸಿದರೂ ಸಾಕು ಎಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದಾರೆ.

ಇಡೀ ವಿಷಯ ಇದರಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಅರ್ಪಿಸಿದ ಅನ್ನವನ್ನು ಚೆಲ್ಲುವ ಹಾಗಿಲ್ಲ. ನಮ್ಮ ಹಿರಿಯರು ತಾಟಿನಲ್ಲಿ ಒಂದು ಅಗುಳೂ ಬಿಡದೆ ಉಂಡು, ತಾಟು ತೊಳೆದ ನೀರನ್ನೂ ಕುಡಿಯುತ್ತಿದ್ದರು. ಬಿಡಬಾರದು ಎಂದಾಗ ಬೇಕಾದಷ್ಟೇ ನೀಡಿಸಿಕೊಳ್ಳಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ನಾನು ಹೇಳುವುದೂ ಅದನ್ನೇ. ಮಾಂಸ ಬಿಟ್ಟೆ ಎಂದು ತಾಟು ತುಂಬ ಅನ್ನ, ಮೇಲೆ ನಾಲ್ಕು ಮಿರ್ಚಿ ಭಜಿ, ಕೊನೆಗೆ ಎರಡು ಹೋಳಿಗೆ ಎಂದರೆ ದೇಹಕ್ಕೂ ಹಿತವಲ್ಲ, ಪ್ರಸಾದದ ಭಾವವೂ ಉಳಿಯುವುದಿಲ್ಲ. ಮಾಂಸ ಬಿಡುವುದು ಈ ದಾರಿಯ ಅರ್ಧ. ಅದರ ಜಾಗಕ್ಕೆ ಏನು ಬರುತ್ತದೆ ಎಂಬುದು ಇನ್ನರ್ಧ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಎಡವುವುದು ಈ ಎರಡನೆಯದರಲ್ಲೇ.

ಒಮ್ಮೆಲೇ ಬಿಡಬೇಕೋ, ಸ್ವಲ್ಪ ಸ್ವಲ್ಪವಾಗಿಯೋ?

ಎರಡೂ ನಡೆಯುತ್ತದೆ. ದೀಕ್ಷೆಯ ದಿನದಿಂದ ಪೂರ್ತಿ ಬಿಟ್ಟು ಮತ್ತೆ ತಿರುಗಿ ನೋಡದವರನ್ನು ಬಲ್ಲೆ. ಅಷ್ಟು ಗಟ್ಟಿ ಮನಸ್ಸು ಇಲ್ಲ ಎನ್ನುವವರಿಗೆ ಶ್ರಾವಣ ಒಳ್ಳೆಯ ಬಾಗಿಲು. ನಾಗರ ಅಮಾವಾಸ್ಯೆ ಕಳೆದ ಮೇಲೆ ಒಂದು ತಿಂಗಳು ಕರ್ನಾಟಕದ ಎಷ್ಟೋ ಮಾಂಸಾಹಾರಿ ಮನೆಗಳಲ್ಲೂ ಒಲೆಯ ಮೇಲೆ ಮಾಂಸ ಏರುವುದಿಲ್ಲ. ಜೊತೆಗೆ ಉಣ್ಣುವವರೂ ಬಿಟ್ಟಿರುತ್ತಾರೆ, ಸಂಜೆ ಮಠದಲ್ಲಿ ಪುರಾಣ ಪ್ರವಚನ ಇರುತ್ತದೆ, ಮನಸ್ಸಿಗೆ ಆಸರೆ ಸಿಗುತ್ತದೆ. ಆ ತಿಂಗಳು ಮುಗಿದ ಮೇಲೆ ಮತ್ತೆ ಶುರು ಮಾಡದೆ ಹಾಗೇ ಮುಂದುವರಿಸಿ.

ಶ್ರಾವಣ ದೂರವಿದ್ದರೆ ಸೋಮವಾರದಿಂದ ಶುರು ಮಾಡಿ, ವಾರದಲ್ಲಿ ಒಂದೊಂದೇ ದಿನ ಸೇರಿಸುತ್ತ ಬನ್ನಿ. ಮೊದಲು ಮನೆಯೊಳಗಿನದು ನಿಲ್ಲಲಿ, ಆಮೇಲೆ ಹೊರಗಿನದು.

ಹಾಲು, ಮೊಸರು, ತುಪ್ಪ ತಿನ್ನಬಹುದಲ್ಲ?

ತಿನ್ನಬಹುದು. ನಮ್ಮದು ಹಾಲು ಬಿಡುವ ಪದ್ಧತಿ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ 300 ಮಿಲಿಲೀಟರ್ ಹಾಲು ಅಥವಾ ಮೊಸರು ಎನ್ನುತ್ತದೆ. ಮಾಂಸ ಬಿಟ್ಟವರು ಇಷ್ಟನ್ನು ತಪ್ಪಿಸಬಾರದು. ತುಪ್ಪದ ಮಾತು ಬೇರೆ. ಅದರ ಅರ್ಧಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್). ಹೃದಯದ ತೊಂದರೆ ಇದ್ದವರು ಬಿಸಿ ರೊಟ್ಟಿಯ ಮೇಲೆ ಒಂದು ಸಣ್ಣ ಚಮಚಕ್ಕೆ ನಿಲ್ಲಿಸಬೇಕು.

ಉಳ್ಳಾಗಡ್ಡಿ, ಬೆಳ್ಳುಳ್ಳಿ?

ನಮ್ಮ ಮನೆಗಳಲ್ಲಿ ಅದಕ್ಕೆ ಅಡ್ಡಿ ಇಲ್ಲ. ಧಾರಾಳವಾಗಿ ಹಾಕಿ.

ಸಕ್ಕರೆ ಕಾಯಿಲೆ ಇದೆ. ಮಾಂಸ ಬಿಟ್ಟರೆ ಸಕ್ಕರೆ ಇಳಿಯುತ್ತದೆಯೇ?

ತಾನಾಗಿಯೇ ಇಳಿಯುವುದಿಲ್ಲ. ಈ ಮಾತು ಕೇಳಿ ಬೇಸರಪಡುವವರಿದ್ದಾರೆ, ಆದರೂ ಹೇಳಲೇಬೇಕು. ಕೋಳಿ, ಮೀನಿನಲ್ಲಿ ಸಕ್ಕರೆ ಏರಿಸುವ ಪಿಷ್ಟ ಇಲ್ಲವೇ ಇಲ್ಲ ಎನ್ನಬಹುದು. ಅದನ್ನು ತೆಗೆದ ಜಾಗಕ್ಕೆ ಅನ್ನ, ಅವಲಕ್ಕಿ, ಮಂಡಕ್ಕಿ, ಉಪ್ಪಿಟ್ಟು ಬಂದರೆ ಸಕ್ಕರೆ ಏರುತ್ತದೆ. ಕಾಳು, ಸೊಪ್ಪು, ಮೊಸರು ಬಂದರೆ ಇಳಿಯುವ ಹಾದಿ ತೆರೆಯುತ್ತದೆ.

ಜೋಳದ ರೊಟ್ಟಿ, ರಾಗಿ, ನವಣೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆಯೂ ಇದೆ. ಅದು ನಿಜವಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ಇವು ಮೇಲು, ನಾರು ಹೆಚ್ಚು, ಆದರೆ ಇವೂ ಬಹುಪಾಲು ಪಿಷ್ಟವೇ. ನಾಲ್ಕು ರೊಟ್ಟಿ ತಿನ್ನುತ್ತಿದ್ದವರು ಎರಡಕ್ಕೆ ಇಳಿಸಿ, ಪಲ್ಲೆಯನ್ನು ಎರಡು ಪಟ್ಟು ಮಾಡಿ. ಉತ್ತರ ಕರ್ನಾಟಕದ ಊಟದಲ್ಲಿ ಇದಕ್ಕೆ ಬೇಕಾದದ್ದೆಲ್ಲ ಮೊದಲೇ ಇದೆ. ರೊಟ್ಟಿಯ ಮಗ್ಗುಲಿಗೆ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು. ಇವನ್ನೇ ಹೆಚ್ಚಿ ಗುರೆಳ್ಳು ಪುಡಿ, ಮೊಸರು ಕಲಸಿದರೆ ಪಚಡಿ. ಮಡಿಕೆ ಕಾಳಿನದೋ ಹೆಸರು ಕಾಳಿನದೋ ಒಂದು ಪಲ್ಲೆ. ಪಟ್ಟಣಕ್ಕೆ ಬಂದವರು ಈ ತಾಟಿನಿಂದ ರೊಟ್ಟಿಯನ್ನಷ್ಟೇ ಉಳಿಸಿಕೊಂಡು, ಹಸಿ ಸೊಪ್ಪು ಕಾಳುಗಳನ್ನು ಬಿಟ್ಟುಬಿಟ್ಟರು. ಮೇಲೆ ಹೇಳಿದ ಐಸಿಎಂಆರ್ ಮಾರ್ಗಸೂಚಿ 2000 ಕ್ಯಾಲೊರಿಯ ಊಟಕ್ಕೆ 400 ಗ್ರಾಂ ತರಕಾರಿ, ಸೊಪ್ಪು ಹೇಳುತ್ತದೆ. ಧಾನ್ಯಕ್ಕೆ ಹೇಳುವುದು 250 ಗ್ರಾಂ ಮಾತ್ರ. ನಿಮ್ಮ ಮನೆಯಲ್ಲಿ ಒಂದು ದಿನ ಇದನ್ನು ತೂಗಿ ನೋಡಿ. ಬಹಳ ಮನೆಗಳಲ್ಲಿ ಲೆಕ್ಕ ಉಲ್ಟಾ ಇರುತ್ತದೆ.

ಒಂದು ಎಚ್ಚರಿಕೆ ಇದೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ರೊಟ್ಟಿ, ಅನ್ನ ಒಮ್ಮೆಲೇ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಬಿದ್ದು ಬೆವರು, ನಡುಕ, ತಲೆಸುತ್ತು ಬರಬಹುದು. ಮೊದಲು ವೈದ್ಯರಿಗೆ ತಿಳಿಸಿ, ಔಷಧದ ಪ್ರಮಾಣ ಕೇಳಿಕೊಂಡು ಆಮೇಲೆ ಊಟ ಬದಲಿಸಿ.

ಕೊಲೆಸ್ಟ್ರಾಲ್‌ಗೆ?

ಇಲ್ಲಿ ಲಾಭ ಹೆಚ್ಚು ಖಚಿತ. ಮಟನ್ನಿನ ಪರ್ಯಾಪ್ತ ಕೊಬ್ಬು ಹೋಗಿ, ಕಾಳು ಮತ್ತು ಮೆಂತ್ಯದಲ್ಲಿರುವ ಕರಗುವ ನಾರು ಬಂದರೆ ಕೆಟ್ಟ ಕೊಲೆಸ್ಟ್ರಾಲ್ ತಗ್ಗುತ್ತದೆ. ಆದರೆ ಡಾಲ್ಡಾ, ಪಾಮ್ ಎಣ್ಣೆ, ಬೇಕರಿಯ ಖಾರಿ, ಕರಿದ ತಿಂಡಿ ಎಲ್ಲವೂ ಸಸ್ಯಾಹಾರವೇ, ಆ ಲಾಭವನ್ನು ಅವು ತಿಂದುಹಾಕುತ್ತವೆ. ಒಗ್ಗರಣೆ, ಕರಿಯುವುದು, ಚಟ್ನಿಗೆ ಸುರಿಯುವುದು ಎಲ್ಲ ಸೇರಿ ಎಣ್ಣೆ, ತುಪ್ಪ ದಿನಕ್ಕೆ ಒಬ್ಬರಿಗೆ ಎರಡು ದೊಡ್ಡ ಚಮಚ ಸಾಕು. ಎಣ್ಣೆಗಾಯಿ ಹೆಸರಿಗೆ ತಕ್ಕಂತೆ ಎಣ್ಣೆಯಲ್ಲಿ ತೇಲಬೇಕಿಲ್ಲ. ಶೇಂಗಾ, ಎಳ್ಳು, ಗುರೆಳ್ಳು ಚೆನ್ನಾಗಿ ಅರೆದು ತುಂಬಿದರೆ ಅವುಗಳದೇ ಜಿಡ್ಡು ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ಮೀನು ಹೃದಯಕ್ಕೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಯಾಕೆಂದರೆ ಅದು ಕೆಟ್ಟದ್ದಲ್ಲ. ನಾವು ಮೀನು ಬಿಡುವುದು ನಂಬಿಕೆಗಾಗಿ. ಅದರಿಂದ ಸಿಗುತ್ತಿದ್ದ ಒಮೇಗಾ 3 ಕೊಬ್ಬಿಗೆ ಬದಲಾಗಿ ಅಗಸಿ ಚಟ್ನಿ ಪುಡಿ ದಿನಾ ತಿನ್ನಿ. ಅಗಸಿಯಲ್ಲಿರುವುದು ಮೀನಿನದೇ ರೂಪ ಅಲ್ಲ, ದೇಹ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಬದಲಿಸಿಕೊಳ್ಳುತ್ತದೆ. ಆದ್ದರಿಂದ ಎಂದಾದರೊಮ್ಮೆ ತಿಂದರೆ ಆಗದು, ರೂಢಿಯಾಗಬೇಕು. ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡೀ ಕಾಳು ಹಾಗೇ ಹೊರಗೆ ಹೋಗುತ್ತದೆ. ಮಟನ್‌ನಂಥ ಕೆಂಪು ಮಾಂಸ ಮತ್ತು ಸಂಸ್ಕರಿಸಿದ ಮಾಂಸದ ಬಗ್ಗೆ ಮಾತ್ರ ವಿಜ್ಞಾನವೂ ಎಚ್ಚರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಪ್ರೋಟೀನ್ ಕಡಿಮೆಯಾಗಿ ಮೈ ಇಳಿದುಹೋಗುವುದಿಲ್ಲವೇ?

ಲೆಕ್ಕ ಹಾಕೋಣ. ಆರೋಗ್ಯವಂತ ದೊಡ್ಡವರಿಗೆ ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಎಂದು ಐಸಿಎಂಆರ್ ಹೇಳುತ್ತದೆ. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 10 ಗ್ರಾಂ ಆಸುಪಾಸು. ದಿನದ ಉಳಿದ ಅನ್ನ, ಚಪಾತಿಯಿಂದ ಇನ್ನೊಂದು 10. ತೊಗರಿಬೇಳೆ, ಹೆಸರು, ಮಡಿಕೆ, ಹುರುಳಿ ಯಾವುದಾದರೂ ಸೇರಿ ಒಣ ತೂಕದಲ್ಲಿ 85 ಗ್ರಾಂ ಆದರೆ ಅದರಿಂದ 19 ಗ್ರಾಂ ಹತ್ತಿರ. ಹಾಲು ಮೊಸರಿನಿಂದ 9. ಒಂದು ಹಿಡಿ ಶೇಂಗಾದಿಂದ 7. ಐವತ್ತು ದಾಟಿತು.

ಆದರೆ ಲೆಕ್ಕ ಕೂಡುವುದು ಆ 85 ಗ್ರಾಂ ಕಾಳು ಬೇಳೆ ನಿಜವಾಗಿ ಹೊಟ್ಟೆಗೆ ಹೋದಾಗ ಮಾತ್ರ. ತಿಳಿಸಾರಿನಲ್ಲಿ ಹುಡುಕಿದರೂ ಬೇಳೆ ಸಿಗದಿದ್ದರೆ ಅದು ಲೆಕ್ಕಕ್ಕೆ ಬಾರದು. ದಿನಕ್ಕೆ ಎರಡು ಹೊತ್ತು ಗಟ್ಟಿ ಕಾಳಿನದೋ ಬೇಳೆಯದೋ ಪದಾರ್ಥ ಇರಲಿ. ಜುಣಕ, ಮುದ್ದಿಪಲ್ಲೆ, ಕಾಳುಪಲ್ಲೆ, ಹುರುಳಿಕಟ್ಟಿನ ಜೊತೆ ಬೆಂದ ಹುರುಳಿಯೂ. ತೊಗರಿ ಬೇಕಾದರೆ ಕಲಬುರಗಿಯದು ತನ್ನಿ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೇಳೆ ಅದು, ರುಚಿಯೇ ಬೇರೆ.

ಪ್ರೋಟೀನಿನ ಘಟಕಗಳಲ್ಲಿ ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮಿಥಿಯೊನಿನ್ ಧಾನ್ಯದಲ್ಲಿದೆ. ಒಂದೇ ತುತ್ತಿನಲ್ಲಿ ಎರಡೂ ಇರಬೇಕೆಂದಿಲ್ಲ, ಒಂದು ದಿನದೊಳಗೆ ಎರಡೂ ಬಂದರೆ ಸಾಕು. ಸೋಯಾ ಚಂಕ್ಸ್‌ನಲ್ಲಿ ಅರ್ಧದಷ್ಟು ಪ್ರೋಟೀನೇ, ವಾರಕ್ಕೆ ಎರಡು ಸಲ ಬಳಸಬಹುದು. ಡಬ್ಬಿಯ ಪ್ರೋಟೀನ್ ಪುಡಿ ಹೆಚ್ಚಿನವರಿಗೆ ಬೇಕಾಗಿಲ್ಲ.

ವಿಟಮಿನ್ ಬಿ12 ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಿಜವಾಗಿಯೂ ತೊಂದರೆಯೇ?

ಹೌದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿ12 ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ನಂಬುವಷ್ಟು ಇಲ್ಲ. ಇಡ್ಲಿ, ದೋಸೆ ಹಿಟ್ಟು ಹುಳಿ ಬಂದರೆ ಸಿಗುತ್ತದೆ, ಸ್ಪಿರುಲಿನಾ ಎಂಬ ಪಾಚಿಯ ಪುಡಿ ತಿಂದರೆ ಸಿಗುತ್ತದೆ ಎಂಬ ಮಾತುಗಳನ್ನು ನಂಬಿ ಕೂರಬೇಡಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ದೇಹಕ್ಕೆ ಕೆಲಸಕ್ಕೆ ಬಾರದ ರೂಪ. ಹಾಲು ಮೊಸರಿನಲ್ಲಿ ಇದೆ. ಆದರೆ ದಿನಕ್ಕೆ ಒಬ್ಬರಿಗೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು, 300 ಮಿಲಿಲೀಟರ್ ಹಾಲಿನಲ್ಲಿ ಸಿಗುವುದು ಅದರ ಅರ್ಧದ ಆಸುಪಾಸು. ಚಹಾಕ್ಕೆ ಹಾಕುವ ಹಾಲು ಅಷ್ಟೇ ಎನ್ನುವ ಮನೆಗಳಲ್ಲಿ ಅದೂ ಇಲ್ಲ.

ಈ ಕೊರತೆ ತಕ್ಷಣ ಕಾಣಿಸುವುದಿಲ್ಲ. ಯಕೃತ್ತು ಕೆಲವು ವರ್ಷಕ್ಕಾಗುವಷ್ಟು ಕೂಡಿಟ್ಟುಕೊಂಡಿರುತ್ತದೆ. ಅದಕ್ಕೇ ಮಾಂಸ ಬಿಟ್ಟ ಮೊದಲ ವರ್ಷ ಎಲ್ಲ ಚೆನ್ನಾಗಿದೆ ಎಂದುಕೊಂಡವರಿಗೆ ಆಮೇಲೆ ಕಾಲು ಜುಮುಗುಡುವುದು, ಪಾದ ಮರಗಟ್ಟುವುದು, ನಾಲಿಗೆ ಉರಿ, ಮರೆವು, ಸುಸ್ತು ಒಂದೊಂದಾಗಿ ಬರುತ್ತವೆ. ನರಗಳಿಗೆ ಆದ ಹಾನಿ ಬಹಳ ದಿನ ಬಿಟ್ಟರೆ ಪೂರ್ತಿ ಸರಿಹೋಗದೆ ಉಳಿಯಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಆ ಮಾತ್ರೆಯೇ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಪಾದ ಜುಮುಗುಟ್ಟಿದರೆ ಸಕ್ಕರೆಯಿಂದಲೇ ಎಂದುಕೊಂಡು ಸುಮ್ಮನಾಗುತ್ತಾರೆ, ಒಳಗೆ ಕಾರಣ ಎರಡು ಇರಬಹುದು. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ನುಂಗುವವರಿಗೂ ಇದೇ ಮಾತು.

ಮಾಂಸ ಬಿಡುವ ಮುಂಚೆಯೇ ಒಮ್ಮೆ ರಕ್ತದಲ್ಲಿ ಬಿ12 ನೋಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಕಡಿಮೆ ಬಂದರೆ ವೈದ್ಯರು ಹೇಳಿದ ಮಾತ್ರೆಯೋ ಸೂಜಿಯೋ ತೆಗೆದುಕೊಳ್ಳಿ. ಬರೀ ಫೋಲಿಕ್ ಆಮ್ಲದ ಮಾತ್ರೆ ತಿನ್ನುತ್ತ ಹೋದರೆ ರಕ್ತಹೀನತೆ ಸರಿಯಾದಂತೆ ಕಂಡು, ನರಗಳ ತೊಂದರೆ ಒಳಗೊಳಗೇ ಬೆಳೆಯಬಹುದು. ಔಷಧದ ಬಿ12 ಅನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ, ಪ್ರಾಣಿಯ ಮಾಂಸದಿಂದ ಅಲ್ಲ. ವ್ರತಕ್ಕೆ ಭಂಗ ಬರುವುದಿಲ್ಲ.

ಕ್ಯಾಪ್ಸೂಲ್ ಜೆಲಟಿನ್‌ನದು ಎನ್ನುತ್ತಾರಲ್ಲ?

ಬಹಳಷ್ಟು ಕ್ಯಾಪ್ಸೂಲ್‌ಗಳ ಹೊದಿಕೆ ಪ್ರಾಣಿಮೂಲದ ಜೆಲಟಿನ್ ಹೌದು. ಅದೇ ಔಷಧ ಮಾತ್ರೆಯ ರೂಪದಲ್ಲೋ, ಸಸ್ಯಮೂಲದ ಹೊದಿಕೆಯಲ್ಲೋ ಇದೆಯೇ ಎಂದು ಔಷಧದಂಗಡಿಯಲ್ಲಿ ಕೇಳಿ. ಇಲ್ಲ ಎಂದರೆ, ವೈದ್ಯರು ಬರೆದ ಔಷಧವನ್ನು ಬಿಡಬೇಡಿ. ಜೀವ ಉಳಿಸಿಕೊಳ್ಳಲು ತೆಗೆದುಕೊಳ್ಳುವ ಔಷಧಕ್ಕೆ ನಮ್ಮ ಗುರುಗಳು ಯಾರಿಗೂ ಬೇಡ ಎಂದದ್ದನ್ನು ನಾನು ಕೇಳಿಲ್ಲ.

ರಕ್ತ ಕಡಿಮೆ ಇದೆ. ಮಟನ್ ತಿನ್ನು ಎನ್ನುತ್ತಾರೆ.

ಮಾಂಸದ ಕಬ್ಬಿಣ ಸುಲಭವಾಗಿ ಹೀರಿಕೆಯಾಗುತ್ತದೆ, ಸೊಪ್ಪು ಕಾಳಿನದು ಕಷ್ಟಪಟ್ಟು. ಆ ಕಷ್ಟವನ್ನು ಕಡಿಮೆ ಮಾಡುವ ದಾರಿ ಅಡುಗೆಮನೆಯಲ್ಲೇ ಇದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿ. ಪಲ್ಲೆಯ ಮೇಲೆ ಲಿಂಬೆ ಹಿಂಡಿ. ಊಟದ ಜೊತೆ ಪೇರಲ, ನೆಲ್ಲಿಕಾಯಿ ತಿನ್ನಿ. ಊಟ ಆದ ಕೂಡಲೇ ಚಹಾ ಕುಡಿಯುವ ಚಟ ಮಾತ್ರ ಬಿಡಬೇಕು, ಕನಿಷ್ಠ ಒಂದು ತಾಸು ತಡೆಯಿರಿ. ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ ಊಟವೊಂದರಿಂದಲೇ ಏರಿಸುತ್ತೇನೆಂದು ಹಟ ಹಿಡಿಯಬೇಡಿ. ಮಾತ್ರೆ ಬೇಕಾಗುತ್ತದೆ, ಮತ್ತು ಯಾಕೆ ಇಳಿಯಿತು ಎಂಬುದನ್ನೂ ನೋಡಬೇಕಾಗುತ್ತದೆ.

ಕ್ಯಾಲ್ಸಿಯಂಗೆ ರಾಗಿಯನ್ನು ಮೀರಿಸುವ ಧಾನ್ಯ ಇಲ್ಲ. 100 ಗ್ರಾಂನಲ್ಲಿ 350 ಮಿಲಿಗ್ರಾಂ ಹತ್ತಿರ ಇದೆ. ಜೋಳದ ಸೀಮೆಯವರೂ ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ ರೂಢಿಸಿಕೊಳ್ಳಿ.

ಕಾಳು ತಿಂದರೆ ಹೊಟ್ಟೆ ಉಬ್ಬರ. ಏನು ಮಾಡಲಿ?

ವರ್ಷಗಟ್ಟಲೆ ನಾರು ಕಡಿಮೆ ತಿಂದ ಕರುಳಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಹೆಸರುಬೇಳೆಯಿಂದ ಶುರು ಮಾಡಿ, ಆಮೇಲೆ ತೊಗರಿ, ಆಮೇಲೆ ಮಡಿಕೆ. ಕಡಲೆ, ಹುರುಳಿ ಕೊನೆಗೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಒಗ್ಗರಣೆಗೆ ಇಂಗು, ಜೀರಿಗೆ ಹಾಕಿ. ಹೊಟ್ಟೆನೋವು, ಭೇದಿ ನಿಲ್ಲದೇ ಇದ್ದರೆ, ತೂಕ ಇಳಿಯುತ್ತಿದ್ದರೆ ಕಾಳಿನ ಮೇಲೆ ಹೊರಿಸದೆ ವೈದ್ಯರಿಗೆ ತೋರಿಸಿ.

ಯಾರು ಈ ಬದಲಾವಣೆಗೆ ಮುಂಚೆ ವೈದ್ಯರನ್ನು ಕೇಳಲೇಬೇಕು?

ಮೂತ್ರಪಿಂಡದ ತೊಂದರೆ ಇರುವವರು ಎಲ್ಲರಿಗಿಂತ ಮೊದಲು. ಅವರಿಗೆ ಪ್ರೋಟೀನ್, ಪೊಟ್ಯಾಷಿಯಂ ಎರಡೂ ಅಳತೆಯಲ್ಲಿರಬೇಕು. ಸೊಪ್ಪು, ಎಳನೀರು, ಬಾಳೆಹಣ್ಣು, ಕಾಳು ಒಳ್ಳೆಯದೆಂದು ಹೇರಳವಾಗಿ ತಿಂದರೆ ಅಪಾಯ. ರಕ್ತ ತೆಳುವಾಗಿಸಲು ವಾರ್ಫರಿನ್ ಅಥವಾ ಅಸಿಟ್ರಾಮ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಅದರ ವಿಟಮಿನ್ ಕೆ ಔಷಧದ ಕೆಲಸವನ್ನು ತಗ್ಗಿಸುತ್ತದೆ. ಇನ್ಸುಲಿನ್‌ನವರ ಮಾತು ಮೇಲೆ ಹೇಳಿದ್ದೇನೆ.

ಬಸುರಿಯರು, ಹಾಲುಣಿಸುವ ತಾಯಂದಿರು ಬಿ12 ಕೊರತೆ ಮಾಡಿಕೊಂಡರೆ ಮಗುವಿನ ಮೆದುಳಿನ ಬೆಳವಣಿಗೆಗೇ ಪೆಟ್ಟು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ 180 ದಿನ ತಪ್ಪದೆ ನುಂಗಬೇಕು, ಬಿ12 ಬೇರೆಯಾಗಿ ನೋಡಿಸಬೇಕು.

ಮೊಟ್ಟೆ ತಿನ್ನಬಹುದೇ?

ಲಿಂಗ ಧರಿಸಿದವರು ತಿನ್ನುವುದಿಲ್ಲ. ಕೇಕು, ಬಿಸ್ಕತ್ತು ಕೊಳ್ಳುವಾಗ ಪೊಟ್ಟಣದ ಮೇಲಿನ ಗುರುತು ನೋಡಿ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಅದರಲ್ಲಿ ಹಾಲು ಇರಬಹುದು. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ, ಮೊಟ್ಟೆ ಹಾಕಿದ್ದೂ ಅದರಲ್ಲೇ ಬರುತ್ತದೆ.

ಆದರೆ ಇದು ನಮ್ಮ ತಾಟಿನ ಮಾತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರುವಾದಾಗ ನಮ್ಮವರಲ್ಲೇ ಹಲವರು ವಿರೋಧಿಸಿದರು. ನಾನು ಒಪ್ಪಲಿಲ್ಲ. ಹಸಿದು ಬರುವ ಮಗುವಿಗೆ ಅದರ ಮನೆಯವರು ಒಪ್ಪುವ ಮೊಟ್ಟೆ ಸಿಗುವುದಾದರೆ ಸಿಗಲಿ. ನನ್ನ ಲಿಂಗಕ್ಕೆ ಅರ್ಪಿತವಾಗುವ ತಾಟು ನನ್ನದು, ಆ ಮಗುವಿನದ್ದಲ್ಲ.

ಹಾಗಾದರೆ ಮಾಂಸ ತಿನ್ನುವವರ ಬಗ್ಗೆ ನಾವು ಏನು ತಿಳಿಯಬೇಕು?

ಮೇಲು ಕೀಳು ತಿಳಿಯಬಾರದು. ಕರ್ನಾಟಕದ ಬಹುಪಾಲು ಜನ ಮಾಂಸ, ಮೀನು ತಿನ್ನುವವರೇ, ನಮ್ಮ ಹೊಲದಲ್ಲಿ ದುಡಿಯುವವರು, ನಮ್ಮ ನೆರೆಯವರು, ನಮ್ಮ ಸ್ನೇಹಿತರು. ದಯೆಯೇ ಧರ್ಮದ ಮೂಲ ಎಂದು ಮಾಂಸ ಬಿಟ್ಟವರು ಪಕ್ಕದ ಮನೆಯವರ ಊಟಕ್ಕೆ ಮೂಗು ಮುರಿದರೆ, ಬಾಡಿಗೆಗೆ ಮನೆ ಕೊಡುವಾಗ ಏನು ತಿನ್ನುತ್ತೀರಿ ಎಂದು ಕೇಳಿ ಬಾಗಿಲು ಹಾಕಿದರೆ, ಆ ದಯೆ ಎಲ್ಲಿ ಹೋಯಿತು? ಊಟದ ಹೆಸರಿನಲ್ಲಿ ಜಾತಿ ಮಾತಾಡುವುದನ್ನು ನಾನು ಬಹಳ ಕಂಡಿದ್ದೇನೆ. ಹೊಸದಾಗಿ ಮಾಂಸ ಬಿಟ್ಟವರ ಬಾಯಲ್ಲಿ ಅದು ಬೇಗ ಬರುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ನಿನ್ನೆಯವರೆಗೆ ಅದೇ ಹೋಟೆಲಿನಲ್ಲಿ ನಿಮ್ಮ ಜೊತೆ ಕೂತು ಉಂಡ ಗೆಳೆಯನಿಗೆ ಇಂದು ಉಪದೇಶ ಬೇಡ.

ಮನೆಯಲ್ಲಿ ಹೆಂಡತಿ ಮಕ್ಕಳು ತಿನ್ನುತ್ತಾರೆ. ನಾನೊಬ್ಬನೇ ಬಿಟ್ಟಿದ್ದೇನೆ.

ನಿಮ್ಮ ತಾಟು, ಲೋಟ, ಒಂದೆರಡು ಪಾತ್ರೆ ಬೇರೆ ಇಟ್ಟುಕೊಳ್ಳಿ, ಯಾರಿಗೂ ನೋವಾಗದ ಹಾಗೆ. ಅವರನ್ನು ಬಲವಂತ ಮಾಡಬೇಡಿ. ಬಿಟ್ಟವರು ನೀವು, ಹಾಗಾಗಿ ಹೆಚ್ಚಿನ ಕೆಲಸ ನಿಮ್ಮದೇ ಆಗಲಿ. ಕಾಳು ನೆನೆಸುವುದು, ಸೊಪ್ಪು ಸೋಸುವುದು, ಪಚಡಿ ಹೆಚ್ಚುವುದು ನೀವೇ ಮಾಡಿ. ಗಂಡಸರು ವ್ರತ ಹಿಡಿದು, ಹೆಂಗಸರು ಎರಡು ಬಗೆಯ ಅಡುಗೆ ಮಾಡುತ್ತ ಒಲೆಯ ಮುಂದೆ ನಿಲ್ಲುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಕಾಯಕ ಎಂದರೆ ಅಡುಗೆಮನೆಯಲ್ಲೂ ಕಾಯಕವೇ.

ಸಾವಜಿ ಮಟನ್ನಿನ ಖಾರ ನೆನಪಾಗುತ್ತದೆ. ಬಾಯಿ ಕೇಳುವುದಿಲ್ಲ.

ಹುಬ್ಬಳ್ಳಿ, ಗದಗಿನಲ್ಲಿ ಬೆಳೆದವರಿಗೆ ಈ ಮಾತು ಅರ್ಥವಾಗುತ್ತದೆ. ನಾಲಿಗೆ ಬೇಡುವುದು ಬಹುಪಾಲು ಆ ಮಸಾಲೆಯನ್ನು ಮತ್ತು ಅಗಿಯುವ ಸುಖವನ್ನು. ಒಣಕೊಬ್ಬರಿ, ಗಸಗಸೆ, ಲವಂಗ, ದಾಲ್ಚಿನ್ನಿ, ಬ್ಯಾಡಗಿ ಮೆಣಸಿನಕಾಯಿ ಹುರಿದು ಅರೆದ ಮಸಾಲೆಯಲ್ಲಿ ಅಣಬೆಯನ್ನೋ, ನೆನೆಸಿ ಹಿಂಡಿದ ಸೋಯಾ ಚಂಕ್ಸನ್ನೋ, ಮೊಳಕೆ ಹುರುಳಿಯನ್ನೋ ಬೇಯಿಸಿ. ರೊಟ್ಟಿ ಜೊತೆ ಉಂಡು ನೋಡಿ. ಮಾಂಸದಂತೆ ಕಾಣುವ ಪೊಟ್ಟಣದ ಪದಾರ್ಥಗಳಲ್ಲಿ ಉಪ್ಪು ಬಹಳ ಇರುತ್ತದೆ, ರಕ್ತದೊತ್ತಡದವರು ದೂರ ಇಡಿ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಒಂದು ಸಣ್ಣ ಚಮಚ, ಅಷ್ಟೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯೂ ಆ ಲೆಕ್ಕದಲ್ಲೇ ಬರುತ್ತದೆ.

ಹೊರಗೆ, ಪರದೇಶದಲ್ಲಿ ಏನು ತಿನ್ನುವುದು?

ನಮ್ಮ ಕಡೆ ಚಿಂತೆಯಿಲ್ಲ, ಊರಿಗೊಂದು ಖಾನಾವಳಿ ಇದೆ. ಬೆಂಗಳೂರಿನಲ್ಲೂ ಜೋಳದ ರೊಟ್ಟಿ ಊಟ ಸಿಗುವ ಬೀದಿಗಳು ಈಗ ಹಲವು. ಮಠಗಳ ದಾಸೋಹ ಇದ್ದೇ ಇದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಯಾರೂ ನಿಮ್ಮ ಜಾತಿ ಕೇಳದೆ ಉಣಬಡಿಸುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಮನೆಯಲ್ಲಿ ಬಡಿದ ರೊಟ್ಟಿಗಳನ್ನು ಲಕ್ಷಗಟ್ಟಲೆ ತಂದು ಒಪ್ಪಿಸುತ್ತಾರೆ. ಒಮ್ಮೆ ಆ ಪಂಕ್ತಿಯಲ್ಲಿ ಕೂತು ಬನ್ನಿ, ಬಿಟ್ಟದ್ದರ ಹಂಬಲ ತಾನೇ ಹಿಂದೆ ಸರಿಯುತ್ತದೆ.

ಪರದೇಶದಲ್ಲಿ ಮಾತ್ರ ಕೇಳಿಯೇ ತಿನ್ನಬೇಕು. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್, ಜಪಾನಿನ ಸೂಪಿನಲ್ಲಿ ಒಣಮೀನಿನ ರಸ, ಕೆಲವು ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್ ಇರುತ್ತದೆ. ಸಸ್ಯಾಹಾರ ಎಂದರೆ ಮೀನು ನಡೆಯುತ್ತದೆ ಎಂದು ತಿಳಿದವರೂ ಇರುತ್ತಾರೆ. ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಹಾಲು ಆಗಬಹುದು ಎಂದು ಬಿಡಿಸಿ ಹೇಳಿ.

ತಿಳಿಯದೆ ತಿಂದುಬಿಟ್ಟೆ. ಅಥವಾ ತಿಳಿದೇ ತಿಂದೆ. ಈಗ?

ಮರುದಿನ ಸ್ನಾನ ಮಾಡಿ ಪೂಜೆಗೆ ಕೂಡಿ. ತಿಳಿಯದೆ ಆದದ್ದಕ್ಕೆ ಅಷ್ಟೇ. ತಿಳಿದೇ ಆದದ್ದಾದರೆ, ಮತ್ತೆ ಮತ್ತೆ ಆಗುತ್ತಿದ್ದರೆ ಗುರುವಿನ ಮುಂದೆ ಹೇಳಿಕೊಳ್ಳಿ. ಹೇಗೂ ಕೆಟ್ಟಿತು ಎಂದು ಪೂಜೆಯನ್ನೂ ಊಟದ ಶಿಸ್ತನ್ನೂ ಒಟ್ಟಿಗೆ ಕೈಬಿಡುವವರಿದ್ದಾರೆ. ಒಂದು ಹೊತ್ತಿನ ಊಟಕ್ಕೆ ಅಷ್ಟು ದೊಡ್ಡ ಬೆಲೆ ಕಟ್ಟಬೇಡಿ.

ಉಪವಾಸ ಮಾಡಬೇಕೇ?

ಶರಣರು ಉಪವಾಸಕ್ಕಿಂತ ಕಾಯಕ, ದಾಸೋಹಕ್ಕೆ ಹೆಚ್ಚು ಬೆಲೆ ಕೊಟ್ಟರು. ಮಾಡಲೇಬೇಕೆಂಬ ಕಟ್ಟಳೆ ಇಲ್ಲ. ಶಿವರಾತ್ರಿಗೆ ಮಾಡುವವರು ಸಾಬೂದಾನಿ ಖಿಚಡಿಯ ಬದಲು ಹಣ್ಣು, ಮಜ್ಜಿಗೆ, ಶೇಂಗಾ ತೆಗೆದುಕೊಳ್ಳಿ. ಸಾಬೂದಾನಿ ಬರೀ ಪಿಷ್ಟ. ಇನ್ಸುಲಿನ್‌ನವರು ಉಪವಾಸ ಮಾಡಬಾರದು.

ಎಷ್ಟು ದಿನದಲ್ಲಿ ಫಲ ಗೊತ್ತಾಗುತ್ತದೆ?

ಮಲಬದ್ಧತೆ ಇದ್ದವರಿಗೆ ಕೆಲವು ವಾರದಲ್ಲೇ ಗೊತ್ತಾಗುತ್ತದೆ. ಕೊಲೆಸ್ಟ್ರಾಲ್ ಅನ್ನು ಎರಡು ಮೂರು ತಿಂಗಳ ಮೇಲೆ ಮತ್ತೆ ನೋಡಿಸಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, ಅದಕ್ಕೂ ಮೂರು ತಿಂಗಳು ಕಾಯಬೇಕು. ವರದಿ ಚೆನ್ನಾಗಿ ಬಂತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ, ವರದಿ ಹಿಡಿದು ವೈದ್ಯರ ಹತ್ತಿರ ಹೋಗಿ, ಅವರೇ ಇಳಿಸಲಿ. ಹೋಗುವಾಗ ಬಿ12 ವರದಿಯನ್ನೂ ಜೊತೆಗೆ ಒಯ್ಯಿರಿ.